ಕೋಡಿಬಾಗವೋ, ಕೊಣಾಜೆಯೋ, ಗೋವೆಯೋ: ಪಿಜಿ ಸೀಟು ತೂಗುವ ನನ್ನ ಲೆಕ್ಕ

ಉತ್ತರ ಕನ್ನಡದ ಕಲೆ, ವಿಜ್ಞಾನ, ವಾಣಿಜ್ಯ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಅದರಿಂದಾಗಿ ಪಿಜಿ ಎಂದರೆ ಘಟ್ಟ ಹತ್ತಿ ಧಾರವಾಡಕ್ಕೆ ಹೋಗುವುದು ಎಂಬ ರೂಢಿ ನಮ್ಮಲ್ಲಿ ಹಳೆಯದು. ನಕ್ಷೆ ನೋಡಿದರೆ ಕಾರವಾರದವರಿಗೆ ಗೋವಾ ವಿವಿ ಹತ್ತಿರ, ಭಟ್ಕಳದವರಿಗೆ ಕೊಣಾಜೆಯ ಮಂಗಳೂರು ವಿವಿ ಹತ್ತಿರ, ಶಿರಸಿಯವರಿಗೆ ಹಾವೇರಿ ವಿವಿ ಹತ್ತಿರ. ಇವುಗಳ ನಡುವೆ ಸಣ್ಣವೂ ಇವೆ: ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಶುರುವಾದ ಜಾನಪದ ವಿವಿ, ಕಾರವಾರದ ಕೋಡಿಬಾಗದಲ್ಲಿರುವ ಕರ್ನಾಟಕ ವಿವಿಯ ಸ್ನಾತಕೋತ್ತರ ಕೇಂದ್ರ. ಸಣ್ಣದು ಅಂದಕೂಡಲೇ ಮನೆಯವರು ಮೂಗು ಮುರಿಯುತ್ತಾರೆ. ಅದು ನ್ಯಾಯವೋ ಅಲ್ಲವೋ ಎಂಬುದು ಕಾಗದಪತ್ರ ತೆಗೆದು ಎಣಿಸಿದಾಗ ತಿಳಿಯುವಂಥದ್ದು. ಮಕ್ಕಳಿಗೆ ಸೀಟು ಆರಿಸಿಕೊಡುವಾಗ ನಾನು ಎಣಿಸುವ ಕ್ರಮ ಇಲ್ಲಿದೆ.

ಮೊದಲು ಒಂದು ಹಾಳೆಯಲ್ಲಿ ಒಂದೇ ವಿಷಯ, ಅದರ ಎದುರು ಹೆಚ್ಚೆಂದರೆ ನಾಲ್ಕು ವಿಭಾಗ. ವಿಶ್ವವಿದ್ಯಾಲಯದ ಹೆಸರನ್ನು ಬರೆಯುವುದೇ ಇಲ್ಲ. ‘ಕೋಡಿಬಾಗ ಕಡಲಜೀವಶಾಸ್ತ್ರ’, ‘ಕೊಣಾಜೆ ಸಾಗರ ಭೂವಿಜ್ಞಾನ’ ಎಂದು ವಿಭಾಗವನ್ನೇ ಬರೆಯುತ್ತೇನೆ. ಎರಡು ವರ್ಷ ಮಗು ಕೂರುವುದು ಒಂದು ವಿಭಾಗದಲ್ಲಿ. ಅದೇ ಕ್ಯಾಂಪಸ್ಸಿನ ಇನ್ನೊಂದು ತುದಿಯ ವಿಭಾಗ ಎಷ್ಟೇ ಚೆನ್ನಾಗಿದ್ದರೂ ಇವನಿಗೆ ಅದರಿಂದ ಪ್ರಯೋಜನವಿಲ್ಲ.

ರ‍್ಯಾಂಕಿಂಗ್ ವಿಷಯ ಬೇಗ ಮುಗಿಸುತ್ತೇನೆ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಪಟ್ಟಿ 2016ರಿಂದ ಬರುತ್ತಿದೆ, 2024ರಿಂದ ರಾಜ್ಯ ಸರ್ಕಾರಿ ವಿವಿಗಳಿಗೇ ಬೇರೆ ಪಟ್ಟಿ ಮಾಡಿದ್ದಾರೆ. ವಿಶ್ವವಿದ್ಯಾಲಯಗಳಿಗೆ ಅಂಕ ಹಂಚುವಾಗ ಬೋಧನೆ ಮತ್ತು ಸೌಲಭ್ಯಕ್ಕೆ ಶೇ 30, ಸಂಶೋಧನೆಗೆ ಶೇ 30, ಪಾಸಾಗಿ ಹೋದವರ ಫಲಿತಾಂಶಕ್ಕೆ ಶೇ 20, ಎಲ್ಲ ಬಗೆಯ ವಿದ್ಯಾರ್ಥಿಗಳನ್ನು ಒಳಗೊಳ್ಳುವಿಕೆಗೆ ಶೇ 10, ಹೊರಗಿನವರ ಅಭಿಪ್ರಾಯಕ್ಕೆ ಶೇ 10. ಈ ಕೊನೆಯ ಹತ್ತು ಅಂಕ ಹೆಸರಿದ್ದವರಿಗೇ ಹೋಗುತ್ತದೆ. ಸಂಶೋಧನೆಯ ಮೂವತ್ತರಲ್ಲೂ ಪ್ರಬಂಧಗಳ ರಾಶಿ ದೊಡ್ಡದಿದ್ದವರದೇ ಮೇಲುಗೈ. ಸಣ್ಣ ವಿವಿ ಪಟ್ಟಿಯಲ್ಲಿ ಇಲ್ಲ ಎಂದರೆ ಅಲ್ಲಿ ಪಾಠ ಕೆಟ್ಟದು ಎಂದು ಅರ್ಥವಾಗುವುದಿಲ್ಲ. ಪಟ್ಟಿಗಿಂತ ಉಪಯುಕ್ತವಾದದ್ದು, ಭಾಗವಹಿಸಿದ ಸಂಸ್ಥೆ ತನ್ನ ವೆಬ್‌ಸೈಟಿನಲ್ಲಿ ಹಾಕಬೇಕಾದ ಮಾಹಿತಿಯ ಪಿಡಿಎಫ್. ಅದರಲ್ಲಿ ಮಂಜೂರಾದ ಸೀಟುಗಳು (ಇಂಟೇಕ್), ಸೇರಿದವರು, ನಿಗದಿತ ಅವಧಿಯಲ್ಲಿ ಪಾಸಾದವರು, ಕೆಲಸ ಸಿಕ್ಕವರು, ಮುಂದೆ ಓದಲು ಹೋದವರು ಎಲ್ಲ ಇರುತ್ತದೆ. ಸೇರಿದವರು 40, ಎರಡೇ ವರ್ಷಕ್ಕೆ ಪಾಸಾದವರು 28 ಎಂದಿದ್ದರೆ ನೂರಕ್ಕೆ ಮೂವತ್ತು ಮಂದಿ ಹಿಂದೆ ಉಳಿದಿದ್ದಾರೆ, ಕಾರಣ ಕೇಳಬೇಕು. ಸಂಬಳದ ಅಂಕಿಯನ್ನು ನೋಡುವ ಮೊದಲು ಎಷ್ಟು ಜನರ ಸಂಬಳ ಅದು ಎಂದು ನೋಡಿ, ಐದೇ ಜನರದ್ದಾಗಿದ್ದರೆ ಅದನ್ನು ನಂಬಿ ಏನೂ ತೀರ್ಮಾನಿಸುವಂತಿಲ್ಲ. ಈ ಅಂಕಿಗಳು ಇಡೀ ಸಂಸ್ಥೆಯವು, ಸಂಸ್ಥೆಯೇ ಕೊಟ್ಟವು. ಮೊದಲ ಜರಡಿಗೆ ಸಾಕು, ಅಷ್ಟೆ.

ಕಾಲೇಜು, ವಿವಿಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆ ಕೊಡುವ ದರ್ಜೆಯಲ್ಲೂ ಅಕ್ಷರಕ್ಕೆ ಮರುಳಾಗಬೇಡಿ. ಇದುವರೆಗಿನ ಪದ್ಧತಿಯಲ್ಲಿ 3.00 ಬಂದರೆ ‘ಬಿ ಡಬಲ್ ಪ್ಲಸ್’, 3.01 ಬಂದರೆ ‘ಎ’. ಫ್ಲೆಕ್ಸ್ ಬೋರ್ಡಿನಲ್ಲಿ ಇವೆರಡರ ನಡುವೆ ಭೂಮಿ ಆಕಾಶದಷ್ಟು ಅಂತರ, ಅಂಕದಲ್ಲಿ ಇರುವುದು ಪೈಸೆಯಷ್ಟು. ದರ್ಜೆಯ ಅವಧಿ ಸಾಮಾನ್ಯವಾಗಿ ಐದು ವರ್ಷ; ಗೇಟಿನ ಬೋರ್ಡಿನಲ್ಲಿರುವುದು ಅವಧಿ ಮುಗಿದದ್ದೋ ಎಂದು ದಿನಾಂಕ ನೋಡಿ. ನಾನು ತೆರೆಯುವುದು ವಿವಿಯ ಐಕ್ಯೂಎಸಿ (ಆಂತರಿಕ ಗುಣಮಟ್ಟ ಖಾತರಿ ಕೋಶ) ಪುಟದಲ್ಲಿರುವ ವಾರ್ಷಿಕ ಗುಣಮಟ್ಟ ವರದಿ. ಅದರಲ್ಲಿ 2.4.1 ಎಂಬ ಕಲಮು ಮಂಜೂರಾದ ಹುದ್ದೆಗಳಲ್ಲಿ ಎಷ್ಟು ಪೂರ್ಣಾವಧಿ ಅಧ್ಯಾಪಕರಿದ್ದಾರೆ ಎಂದು ಹೇಳುತ್ತದೆ. 2.5.1 ಎಂಬುದು ಸೆಮಿಸ್ಟರಿನ ಕೊನೆಯ ಪರೀಕ್ಷೆಯಿಂದ ಫಲಿತಾಂಶಕ್ಕೆ ಹಿಡಿದ ದಿನಗಳು. ಎರಡನ್ನೂ ಹಾಳೆಗೆ ಇಳಿಸುತ್ತೇನೆ. ಫಲಿತಾಂಶ ತಡವಾಗುವುದನ್ನು ಜನ ಸಣ್ಣ ಕಿರಿಕಿರಿ ಎಂದುಕೊಳ್ಳುತ್ತಾರೆ. ಕೊನೆಯ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡ್ ಕೈಗೆ ಬರದಿದ್ದರೆ ಬಿ.ಇಡಿ. ಪ್ರವೇಶ, ಪಿಎಚ್‌ಡಿ ಅರ್ಜಿ, ನೇಮಕಾತಿಯ ದಾಖಲೆ ಪರಿಶೀಲನೆ ಎಲ್ಲ ಕೈತಪ್ಪಿ ಒಂದು ವರ್ಷವೇ ಹೋಗುತ್ತದೆ.

ಈಗ ಅಧ್ಯಾಪಕರು. ಹಾಳೆಯಲ್ಲಿ ಅರ್ಧ ತೂಕ ನಾನು ಕೊಡುವುದು ಇದಕ್ಕೇ. ವೆಬ್‌ಸೈಟಿನ ಪಟ್ಟಿಯಲ್ಲಿ ನಿವೃತ್ತರಾದವರ ಫೋಟೊಗಳು ವರ್ಷಗಟ್ಟಲೆ ಉಳಿದಿರುತ್ತವೆ, ಅದನ್ನು ನಂಬಬೇಡಿ. ಎರಡನೇ ವರ್ಷದ ವಿದ್ಯಾರ್ಥಿಯೊಬ್ಬರಿಂದ ಈ ಸೆಮಿಸ್ಟರಿನ ವೇಳಾಪಟ್ಟಿಯ ಫೋಟೊ ತರಿಸಿಕೊಳ್ಳಿ. ಪ್ರತಿ ಚೌಕದಲ್ಲಿ ಪತ್ರಿಕೆಯ ಹೆಸರು, ಕೆಳಗೆ ಅಧ್ಯಾಪಕರ ಇನಿಷಿಯಲ್ ಇರುತ್ತದೆ. ಬೇರೆ ಬೇರೆ ಇನಿಷಿಯಲ್ ಎಷ್ಟು, ಅವುಗಳಲ್ಲಿ ಕಾಯಂ ಎಷ್ಟು, ಅತಿಥಿ ಉಪನ್ಯಾಸಕರು ಎಷ್ಟು ಎಂದು ಆ ವಿದ್ಯಾರ್ಥಿಯ ಬಳಿಯೇ ಗುರುತು ಹಾಕಿಸಿ.

ಎಷ್ಟಿದ್ದರೆ ಸಾಕು? ಎಂ.ಎಸ್ಸಿ.ಯಲ್ಲಿ ಒಂದು ಮತ್ತು ಮೂರನೇ ಸೆಮಿಸ್ಟರ್ ಒಟ್ಟಿಗೆ ನಡೆಯುತ್ತವೆ. ತಲಾ ನಾಲ್ಕು ಪತ್ರಿಕೆ, ಪತ್ರಿಕೆಗೆ ವಾರಕ್ಕೆ ನಾಲ್ಕು ಗಂಟೆ ಎಂದು ಹಿಡಿದರೆ ಪಾಠವೇ 32 ಗಂಟೆ. ಪ್ರಾಯೋಗಿಕಕ್ಕೂ ಹತ್ತಿರಹತ್ತಿರ ಅಷ್ಟೇ ಸೇರಿಸಿ, 64. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮದಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ, ಸಹ ಪ್ರಾಧ್ಯಾಪಕ ಮತ್ತು ಪ್ರಾಧ್ಯಾಪಕರಿಗೆ 14 ಗಂಟೆ ನೇರ ಬೋಧನೆ. ಅಂದರೆ ನಾಲ್ವರು ಇಲ್ಲದೆ ವಿಭಾಗ ನಡೆಯದು. ಇಬ್ಬರೇ ಕಾಯಂ ಇದ್ದಲ್ಲಿ ಅವರಲ್ಲೊಬ್ಬರು ವಿಭಾಗದ ಮುಖ್ಯಸ್ಥರು, ಜತೆಗೆ ಪರೀಕ್ಷೆ ಕೆಲಸ, ಸಮಿತಿ ಕೆಲಸ. ಉಳಿದ ಭಾರವೆಲ್ಲ ಅತಿಥಿಗಳ ಮೇಲೆ. ಅತಿಥಿ ಉಪನ್ಯಾಸಕರಲ್ಲಿ ಬಹಳ ಚೆನ್ನಾಗಿ ಪಾಠ ಮಾಡುವವರಿದ್ದಾರೆ, ಅವರನ್ನು ಹಗುರವಾಗಿ ಕಾಣುವ ಮಾತೇ ಬೇಡ. ತೊಂದರೆ ಬರುವುದು ನೇಮಕಾತಿಯ ಆದೇಶ ತಡವಾದಾಗ. ಸೆಮಿಸ್ಟರ್ ಶುರುವಾಗಿ ವಾರಗಳಾದರೂ ಪಾಠ ಮಾಡುವವರು ಬಂದಿರುವುದಿಲ್ಲ, ಆಮೇಲೆ ಸಿಲೆಬಸ್ಸನ್ನು ಓಡಿಸಿ ಮುಗಿಸುತ್ತಾರೆ. ಆದ್ದರಿಂದ ಅತಿಥಿಗಳು ಎಷ್ಟು ಎನ್ನುವುದಕ್ಕಿಂತ ಕಳೆದ ವರ್ಷ ಅವರು ಯಾವ ತಿಂಗಳು ಬಂದರು ಎಂದು ಕೇಳಿ.

ಸಣ್ಣ ವಿಭಾಗದ ಇನ್ನೊಂದು ಒಳಗುಟ್ಟು ಐಚ್ಛಿಕ ಪತ್ರಿಕೆ. ಪ್ರಾಸ್ಪೆಕ್ಟಸ್‌ನಲ್ಲಿ ಐದು ಹೆಸರಿರುತ್ತದೆ, ನಡೆಯುವುದು ಒಂದೋ ಎರಡೋ. ಒಬ್ಬರು ನಿವೃತ್ತರಾದರೆ ಅವರ ವಿಷಯವೂ ಅವರೊಂದಿಗೇ ಹೋಯಿತು. ಕಳೆದ ಎರಡು ವರ್ಷಗಳ ಪ್ರಶ್ನೆಪತ್ರಿಕೆ ತರಿಸಿ ನೋಡಿದರೆ ಯಾವುದು ನಿಜಕ್ಕೂ ನಡೆಯಿತು ಎಂಬುದು ಒಂದೇ ಏಟಿಗೆ ಗೊತ್ತಾಗುತ್ತದೆ.

ಪಿಎಚ್‌ಡಿ ಆಸೆ ಇರುವವರು ಮಹಾಪ್ರಬಂಧಗಳನ್ನು ಇಟ್ಟಿರುವ ಶೋಧಗಂಗಾ ಜಾಲತಾಣ ತೆರೆಯಲಿ. ವಿವಿ, ಅದರೊಳಗೆ ವಿಭಾಗ, ಅಲ್ಲಿ ಇತ್ತೀಚಿನ ಮಹಾಪ್ರಬಂಧಗಳು ಮತ್ತು ಮಾರ್ಗದರ್ಶಕರ ಹೆಸರು ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ. ಐದು ವರ್ಷದಲ್ಲಿ ಒಂದೂ ಕಾಣದಿದ್ದರೆ ವಿಭಾಗಕ್ಕೆ ಫೋನ್ ಮಾಡಿ, ಅಪ್‌ಲೋಡ್ ತಡವೋ, ಕೆಲಸವೇ ಇಲ್ಲವೋ ಎಂದು ಕೇಳಿ. 2022ರ ಯುಜಿಸಿ ನಿಯಮದಂತೆ ಪ್ರಾಧ್ಯಾಪಕರಿಗೆ 8, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4 ಸಂಶೋಧಕರ ಮಿತಿ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಎಂ.ಎಸ್ಸಿ. ಸೇರುವಾಗ ಇದ್ದ ಮೇಷ್ಟ್ರು ಅದು ಮುಗಿಯುವಾಗ ಗೈಡ್ ಆಗಲಾರದ ಪರಿಸ್ಥಿತಿ ಇದರಿಂದಲೇ ಬರುವುದು.

ಕಡಲಜೀವಶಾಸ್ತ್ರವನ್ನೇ ತೆಗೆದುಕೊಳ್ಳಿ, ಸಣ್ಣದರ ಬಲ ಎಲ್ಲಿ ಎನ್ನುವುದಕ್ಕೆ ನಮ್ಮೂರಿನಲ್ಲೇ ಉದಾಹರಣೆ ಇದೆ. ಕೋಡಿಬಾಗ ಇರುವುದು ಕಾಳಿ ನದಿ ಸಮುದ್ರ ಸೇರುವಲ್ಲಿ. ಕಾಂಡ್ಲಾ ಗಿಡ, ಕೆಸರು ದಂಡೆ, ಮರಳು ದಂಡೆ, ಬಂಡೆ, ಮೀನುಗಾರಿಕೆ ಬಂದರು ಎಲ್ಲ ಊರಿನ ಒಳಗೇ ಸಿಗುತ್ತವೆ. ಇಳಿತ ಬೆಳಿಗ್ಗೆ ಆರಕ್ಕೆ ಇದ್ದರೆ ಆರಕ್ಕೇ ಹೋಗಿ ಮಾದರಿ ತಂದು, ಹತ್ತಕ್ಕೆ ಲ್ಯಾಬಿನಲ್ಲಿ ಜೀವಂತವಾಗಿ ನೋಡಬಹುದು. ಸಮುದ್ರ ದೂರವಿರುವ ವಿಭಾಗದಲ್ಲಿ ಇದೇ ಕೆಲಸಕ್ಕೆ ಬಸ್ಸು, ಅನುಮತಿ, ಖರ್ಚಿನ ಬಿಲ್ಲು ಬೇಕು. ಕೊನೆಗೆ ಫಾರ್ಮಲಿನ್ ಬಾಟಲಿಯಲ್ಲಿರುವ ಹಳೆಯ ಮಾದರಿಯನ್ನೇ ನೋಡಿ ಚಿತ್ರ ಬರೆಯುತ್ತಾರೆ. ಗೋವಾ ವಿವಿಯ ಬಲ ಬೇರೆ ಬಗೆಯದು. 1985ರಲ್ಲಿ ಶುರುವಾದ ಆ ಕ್ಯಾಂಪಸ್ಸು ಇರುವುದು ತಾಳೆಗಾಂವ್ ಪ್ರಸ್ಥಭೂಮಿಯ ಮೇಲೆ. ಪಕ್ಕದ ದೋನಾಪಾವ್ಲದಲ್ಲಿ 1966ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ. ಪ್ರಾಜೆಕ್ಟಿಗೆ ದೊಡ್ಡ ಉಪಕರಣ, ದೊಡ್ಡ ಗೈಡ್ ಬೇಕೆಂದರೆ ಅಲ್ಲಿಗೆ ಸಾಟಿಯಿಲ್ಲ. ಆದರೆ ಪ್ರವೇಶಕ್ಕೆ ಅವರದೇ ಪರೀಕ್ಷೆ ಇದೆ, ಹೊರ ವಿವಿಯಿಂದ ಬಂದವರಿಗೆ ಇರುವ ಸೀಟಿನ ಪಾಲನ್ನು ಪ್ರಾಸ್ಪೆಕ್ಟಸ್‌ನಲ್ಲಿ ಮೊದಲೇ ಓದಿಕೊಳ್ಳಬೇಕು. ಧಾರವಾಡದ ಪದವಿ ಇಟ್ಟುಕೊಂಡ ನಮ್ಮ ಮಕ್ಕಳು ಕೋಡಿಬಾಗದಲ್ಲಿ ಒಳಗಿನವರು. ಗೋವೆಯಲ್ಲೂ ಕೊಣಾಜೆಯಲ್ಲೂ ಹೊರಗಿನವರು.

ಲ್ಯಾಬಿಗೆ ಹೋದಾಗ ಕಟ್ಟಡ ನೋಡಬೇಡಿ. ಕೆಲಸ ಮಾಡುವ ಮೈಕ್ರೋಸ್ಕೋಪ್ ಎಷ್ಟು, ಬ್ಯಾಚಿನಲ್ಲಿ ಮಕ್ಕಳೆಷ್ಟು ಎಂದು ಭಾಗಿಸಿ. ಒಂದಕ್ಕೆ ಇಬ್ಬರಾದರೆ ನಡೆಯುತ್ತದೆ, ನಾಲ್ವರಾದರೆ ಇಬ್ಬರು ಕಲಿಯುತ್ತಾರೆ, ಇಬ್ಬರು ನೋಡುತ್ತಾರೆ. ದೊಡ್ಡ ಉಪಕರಣದ ಮೇಲೆ ಬಟ್ಟೆ ಮುಚ್ಚಿದ್ದರೆ ಲಾಗ್‌ಬುಕ್ ಕೇಳಿ. ಕೊನೆಯ ದಿನಾಂಕವೇ ಎಲ್ಲ ಹೇಳುತ್ತದೆ. ಒಂದು ಪ್ರಾಜೆಕ್ಟಿನ ದುಡ್ಡಿನಲ್ಲಿ ಕೊಂಡದ್ದು, ಪ್ರಾಜೆಕ್ಟ್ ಮುಗಿಯಿತು, ವಾರ್ಷಿಕ ನಿರ್ವಹಣೆ ಒಪ್ಪಂದಕ್ಕೆ ದುಡ್ಡಿಲ್ಲ, ಬೋರ್ಡು ಸುಟ್ಟಿತು, ಅಲ್ಲಿಗೆ ನಿಂತಿತು. ಸಣ್ಣ ಕಡೆ ಈ ರೋಗ ಜಾಸ್ತಿ. ಹೊಸ ವಿವಿಯಾದರೆ ಯುಜಿಸಿಯ 12(ಬಿ) ಮಾನ್ಯತೆ ಬಂದಿದೆಯೋ ನೋಡಿ. 2(ಎಫ್) ಪಟ್ಟಿಯಲ್ಲಿದ್ದರೆ ಪದವಿಗೆ ಬೆಲೆ ಇದೆ, 12(ಬಿ) ಇಲ್ಲದಿದ್ದರೆ ಯುಜಿಸಿ ಅನುದಾನ ಬರುವುದಿಲ್ಲ. ಆ ಕೊರತೆ ಕಾಣುವುದು ಲ್ಯಾಬಿನಲ್ಲಿ, ಗ್ರಂಥಾಲಯದಲ್ಲಿ.

ಹಾವೇರಿಯಂಥ ಹೊಸ ವಿವಿ ಬಗ್ಗೆ ಎಲ್ಲರೂ ಕೇಳುವುದು ‘ಮುಚ್ಚಿದರೆ ಏನು ಗತಿ?’ ಎಂದು. 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿಯ ಮಟ್ಟದಲ್ಲಿ ಹೊಸ ವಿವಿಗಳನ್ನು ಮುಚ್ಚುವ ಮಾತು ಬಂದದ್ದು ನಿಜ. ರಾಜ್ಯದ ಕಾಯ್ದೆಯಿಂದ ಹುಟ್ಟಿದ ವಿವಿ ಕೊಟ್ಟ ಪದವಿ ಅದರಿಂದ ರದ್ದಾಗುವುದಿಲ್ಲ. ನನ್ನ ಚಿಂತೆ ಬೇರೆ: ಇಂಥ ಅನಿಶ್ಚಿತತೆ ಇದ್ದಾಗ ಹೊಸ ಹುದ್ದೆ ತುಂಬುವುದಿಲ್ಲ. ಮತ್ತೆ ವೇಳಾಪಟ್ಟಿಯ ಇನಿಷಿಯಲ್ಲುಗಳಿಗೇ ಬಂದು ನಿಲ್ಲುತ್ತೇವೆ.

ದುಡ್ಡಿನ ಲೆಕ್ಕ. ಸರ್ಕಾರಿ ವಿವಿಯ ಫೀಸಿಗಿಂತ ಊಟ, ವಸತಿ, ಓಡಾಟ ದೊಡ್ಡದು. ಮೆಸ್ಸಿಗೆ ತಿಂಗಳಿಗೆ ₹3,500 ಎಂದು ಹಿಡಿದರೂ ಹತ್ತು ತಿಂಗಳಿಗೆ ₹35,000. ಹಿಂದುಳಿದ ವರ್ಗದ ಹಾಸ್ಟೆಲ್ ಸಿಗದವರಿಗೆ ರಾಜ್ಯ ಸರ್ಕಾರದ ವಿದ್ಯಾಸಿರಿ ನೆರವು ತಿಂಗಳಿಗೆ ₹1,500ರಂತೆ ಹತ್ತು ತಿಂಗಳು ಎಂದು ಹಿಡಿದರೆ ₹15,000. ಉಳಿದ ₹20,000 ಕೈಯಿಂದ. ಆ ದುಡ್ಡು ಖಾತೆಗೆ ಬೀಳುವುದು ವರ್ಷದ ಕೊನೆಗೂ ಆಗಬಹುದು, ಆದ್ದರಿಂದ ಮೊದಲ ಆರು ತಿಂಗಳ ಖರ್ಚು ಮನೆಯಲ್ಲಿ ಇರಲೇಬೇಕು. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ: ಧಾರವಾಡಕ್ಕೂ ಹಾವೇರಿಗೂ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡು ಬೇಡ, ಮಾಜಾಳಿ ದಾಟಿ ಗೋವೆಯ ಪೋಳೆಂಗೆ ಕಾಲಿಟ್ಟ ಮೇಲೆ ಬೇಕು. ಖಾಸಗಿ ವಿವಿಯನ್ನು ಇದೇ ಹಾಳೆಯಲ್ಲಿ ಇಡುವಾಗ ಸಾಲದ ಬಡ್ಡಿಯನ್ನೂ ಬರೆಯಿರಿ. ಶೇ 10ರ ಬಡ್ಡಿಗೆ ₹4 ಲಕ್ಷ ತಂದರೆ ವರ್ಷಕ್ಕೆ ₹40,000 ಬಡ್ಡಿಯೇ; ಸಣ್ಣ ಸರ್ಕಾರಿ ವಿವಿಯ ಒಂದು ವರ್ಷದ ಮೆಸ್ ಖರ್ಚನ್ನು ಅದೊಂದೇ ದಾಟುತ್ತದೆ.

‘ದಿನಾ ಹೋಗಿ ಬರುತ್ತೇನೆ’ ಎನ್ನುವವರು ಮಳೆಗಾಲದ ಲೆಕ್ಕ ಹಾಕಲಿ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಯಿತು. ಆಗಸ್ಟ್ 7ರಂದು ಕಾಳಿ ನದಿಯ ಹಳೆ ಸೇತುವೆ ಬಿತ್ತು. ಘಟ್ಟದ ರಸ್ತೆಗಳ ಕತೆಯಂತೂ ಕೇಳಲೇಬೇಡಿ. ಹಾಜರಾತಿ ಶೇ 75 ಬೇಕಾದ ಕಡೆ ಜುಲೈ, ಆಗಸ್ಟ್‌ನಲ್ಲಿ ಕಳೆದುಕೊಂಡದ್ದನ್ನು ಆಮೇಲೆ ತುಂಬಿಸುವುದು ಕಷ್ಟ. ಆ ಎರಡು ತಿಂಗಳಿಗಾದರೂ ಹಾಸ್ಟೆಲ್ಲೋ ಬಾಡಿಗೆ ರೂಮೋ ನೋಡಿಟ್ಟುಕೊಳ್ಳಿ.

ನೂರರಲ್ಲಿ ನಾನು ಹಂಚುವುದು ಹೀಗೆ: ಅಧ್ಯಾಪಕರಿಗೆ 50, ಲ್ಯಾಬ್ ಮತ್ತು ಕ್ಷೇತ್ರಕಾರ್ಯಕ್ಕೆ 20, ಖರ್ಚಿಗೆ 15, ಫಲಿತಾಂಶದ ವೇಗಕ್ಕೆ 10, ಹೆಸರಿಗೆ 5. ಕಲಾ ವಿಷಯಕ್ಕಾದರೆ ಲ್ಯಾಬಿನ ಜಾಗದಲ್ಲಿ ಗ್ರಂಥಾಲಯ. ರಾತ್ರಿ ಎಷ್ಟು ಗಂಟೆವರೆಗೆ ತೆರೆದಿರುತ್ತದೆ ಎನ್ನುವುದು ಪುಸ್ತಕದ ಸಂಖ್ಯೆಗಿಂತ ಮುಖ್ಯ. ಕೆಪಿಎಸ್‌ಸಿಗೆ ಓದುವವರಿಗೆ ಹೆಸರಿನ ಐದನ್ನೂ ಫಲಿತಾಂಶದ ವೇಗಕ್ಕೇ ಸೇರಿಸುತ್ತೇನೆ. ಎರಡು ವಿಭಾಗಗಳ ನಡುವೆ ಐದು ಅಂಕಕ್ಕಿಂತ ಕಡಿಮೆ ವ್ಯತ್ಯಾಸ ಬಂದರೆ ಅಗ್ಗದ್ದನ್ನು ಆರಿಸುವುದು.

ಕೊನೆಗೆ, ಸಣ್ಣ ಕಡೆ ಸೀಟು ಹಿಡಿದಿಟ್ಟು ದೊಡ್ಡ ಕಡೆಯ ಪಟ್ಟಿಗೆ ಕಾಯುವವರಿಗೆ. ಯುಜಿಸಿಯ 2018ರ ಮರುಪಾವತಿ ನಿಯಮದಂತೆ ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಹೆಚ್ಚು ಮೊದಲೇ ಬಿಟ್ಟರೆ ಪೂರ್ತಿ ಫೀಸು ವಾಪಸು, ಅದಕ್ಕಿಂತ ತಡವಾಗಿ ಆದರೆ ಕೊನೆಯ ದಿನದೊಳಗೆ ಬಿಟ್ಟರೆ ಶೇ 90, ಕೊನೆಯ ದಿನದ ನಂತರದ 15 ದಿನದೊಳಗೆ ಶೇ 80, 30 ದಿನದೊಳಗೆ ಶೇ 50, ಆಮೇಲೆ ಏನೂ ಇಲ್ಲ. ಪೂರ್ತಿ ಎನ್ನುವಲ್ಲಿಯೂ ಸಂಸ್ಕರಣಾ ಶುಲ್ಕ ಸ್ವಲ್ಪ ಮುರಿದುಕೊಳ್ಳಬಹುದು. ರದ್ದತಿ ಅರ್ಜಿಯನ್ನು ಲಿಖಿತವಾಗಿ ಕೊಟ್ಟು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಅಂಕಪಟ್ಟಿಗಳ ಮೂಲಪ್ರತಿಯನ್ನು ಪರಿಶೀಲಿಸಿ ಅಲ್ಲೇ ಹಿಂದಿರುಗಿಸಬೇಕು, ಇಟ್ಟುಕೊಳ್ಳುವಂತಿಲ್ಲ. ಗೋವೆಗೋ ಕೊಣಾಜೆಗೋ ಹೋಗುವವರು ಧಾರವಾಡದಿಂದ ಮೈಗ್ರೇಷನ್ ಸರ್ಟಿಫಿಕೇಟಿಗೆ ಅರ್ಜಿಯನ್ನು ಫಲಿತಾಂಶ ಬಂದ ವಾರದಲ್ಲೇ ಹಾಕಿ. ಪ್ರವೇಶ ಖಚಿತವಾಗದೆ ಒದ್ದಾಡುವುದು ಬಹುಪಾಲು ಈ ಒಂದು ಕಾಗದಕ್ಕಾಗಿ.