ಒಂದೇ ಕಲ್ಲಿನ ನಾಲ್ಕು ಬಣ್ಣ

ಬಂಡೆಯ ಚಿತ್ರವನ್ನು ಹಲಗೆಯ ಮೇಲೆ ಕಲ್ಲುಪುಡಿಯಲ್ಲೇ ಮಾಡಲು ಹೊರಟಿದ್ದೆ. ಕಪ್ಪು ಕಲ್ಲು ಕುಟ್ಟಿದರೆ ಕಪ್ಪು ಪುಡಿಯೇ ಬರುತ್ತದೆ ಅಂತ ನಂಬಿದ್ದೆ. ಹೊಲದ ಬದುವಿನಲ್ಲಿ ಸಿಕ್ಕ ಕಲ್ಲನ್ನು ಕಬ್ಬಿಣದ ಕುಟ್ಟಾಣಿಯಲ್ಲಿ ಮಧ್ಯಾಹ್ನವೆಲ್ಲ ಕುಟ್ಟಿ, ಬಟ್ಟೆಯಲ್ಲಿ ಜಾಲಿಸಿದರೆ ಉಳಿದದ್ದು ಒಲೆಯ ಬೂದಿಯಂಥ ಹಸಿರುಬೂದು ಪುಡಿ. ಅವತ್ತು ತುಂಬಾ ಬೇಜಾರಾಯಿತು.

ಕೆಜಿಎಫ್ ಸುತ್ತಲಿನ ಈ ಕರಿಕಲ್ಲು ಸುಮಾರು 270 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಆಮೇಲೆ ಭೂಮಿಯೊಳಗೆ ಬೆಂದು ಹಾರ್ನ್‌ಬ್ಲೆಂಡ್ ಶಿಸ್ಟ್, ಅಂದರೆ ಹಾರ್ನ್‌ಬ್ಲೆಂಡ್ ಎಂಬ ಕಪ್ಪು ಖನಿಜ ತುಂಬಿದ ಪದರಗಲ್ಲು ಆಗಿದೆ. ಕೋಲಾರ ಜಿಲ್ಲೆಯ ಪೆದ್ದಪಲ್ಲಿಯಲ್ಲಿ ಆ ಲಾವಾ ದಿಂಬು ದಿಂಬಾಗಿ ಹೆಪ್ಪುಗಟ್ಟಿದ್ದು ಇವತ್ತಿಗೂ ಕಾಣುತ್ತದೆ. ನೀರಿನಡಿ ಉಕ್ಕಿದ ಲಾವಾದ ಮೈ ತಕ್ಷಣ ಗಟ್ಟಿಯಾಗುತ್ತದೆ, ಒಳಗಿನದು ಆ ಸಿಪ್ಪೆ ಸೀಳಿಕೊಂಡು ಇನ್ನೊಂದು ದಿಂಬಾಗಿ ಉಬ್ಬುತ್ತದೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಒಂದು ಚೂರನ್ನೂ ತರುವಂತಿಲ್ಲ. ನಾನು ತಂದದ್ದು ಪೆನ್ಸಿಲ್ ಚಿತ್ರ ಮಾತ್ರ. ಗಣಿಯ ಸೈನೈಡ್ ಗುಡ್ಡದ (ಸೈನೈಡ್ ಬಳಸಿ ಚಿನ್ನ ತೆಗೆದು ಉಳಿದ ಕಸದ ರಾಶಿಯ) ಮಣ್ಣು ನಯವಾಗಿದೆ, ಬಳಸು ಅಂತ ಒಬ್ಬರು ಹೇಳಿದ್ದರು. ದಯವಿಟ್ಟು ಅದನ್ನು ಮುಟ್ಟಬೇಡಿ.

ಹಲಗೆಯ ಮೇಲೆ ಆ ದಿಂಬುಗಳನ್ನು ಮಾಡುವುದು ಹೇಗೆ ಅಂತ ಯೋಚಿಸುವಾಗ ಕಣ್ಣಿಗೆ ಬಿದ್ದದ್ದು ರೇಷ್ಮೆ ಗೂಡು. ಚಿಟ್ಟೆ ತೂತು ಮಾಡಿ ಹೊರಬಂದ ಗೂಡು ನೂಲು ಬಿಚ್ಚಲು ಬರುವುದಿಲ್ಲ. ಅದನ್ನು ಉದ್ದಕ್ಕೆ ಕತ್ತರಿಸಿ, ಗೋಣಿಬಟ್ಟೆ ಅಂಟಿಸಿದ ಹಲಗೆಯ ಮೇಲೆ ಬೋರಲು ಹಾಕಿದೆ. ಪೆದ್ದಪಲ್ಲಿಯ ಬಂಡೆಯೇ ಚಿಕ್ಕದಾಗಿ ಕೂತಂತೆ ಕಂಡಿತು.

ಪುಡಿ ಕೂರಿಸುವ ಅಂಟಿಗೆ ಕಂಬಳಿಗೆ ಹಾಕುವ ಹುಣಸೆ ಬೀಜದ ಸರಿ (ಗಂಜಿ). ಬೀಜ ಹುರಿದು, ಸಿಪ್ಪೆ ತೆಗೆದು, ಪುಡಿ ಮಾಡಿ ನೀರಿನಲ್ಲಿ ಗಟ್ಟಿಯಾಗಿ ಕಾಯಿಸಬೇಕು. ಮೊದಲ ಹಲಗೆಗೆ ಮಳೆಗಾಲದಲ್ಲಿ ಬೂಷ್ಟು ಹಿಡಿದು ಪೂರ್ತಿ ಕೆಟ್ಟಿತು. ಈಗ ಆ ಸರಿಗೆ ಚಿಟಿಕೆ ಮೈಲುತುತ್ತ ಬೆರೆಸಿ, ತೆಳುವಾಗಿ ಬಳಿದು, ಪ್ರತಿ ಪದರವನ್ನೂ ಒಣಗಿಸಿಯೇ ಮುಂದಿನದು.

ಬಣ್ಣದ ಗುಟ್ಟು ಜರಡಿಯಲ್ಲಿತ್ತು. ರವೆಯಷ್ಟು ದಪ್ಪ ಕಾಳು ಕಪ್ಪಗೇ ಉಳಿಯುತ್ತದೆ, ಬಿಸಿಲಿಗೆ ಹಿಡಿದರೆ ಸೂಜಿಮೊನೆಯಂಥ ಹರಳು ಹೊಳೆಯುತ್ತವೆ. ಸಣ್ಣ ಮರಳಿನಷ್ಟಾದರೆ ಕಡುಬೂದು. ಹಿಟ್ಟಾದರೆ ಹಸಿರುಬೂದು. ದಿಂಬಿನ ಅಂಚಿಗೆ ದಪ್ಪಕಾಳು, ಉಬ್ಬಿಗೆ ಹಿಟ್ಟು ಹಾಕಿದಾಗ ಬೆಳಕು ನೆರಳು ತಾನಾಗಿಯೇ ಬಂತು. ಕುಟ್ಟುವಾಗ ಕಲ್ಲಿಗೆ ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಳ್ಳಿ. ಆ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ನಾಲ್ಕನೆಯದನ್ನು ತೋರಿಸಿದ್ದು ಅಮ್ಮ. ಬದುವಿನ ಅದೇ ಕಲ್ಲು ಮಳೆಬಿಸಿಲಿಗೆ ಸಡಿಲಗೊಂಡು ಮೇಲೆ ಕೆಂಪು ಮಣ್ಣಾಗಿತ್ತು. "ಸಂದಿಗೆ ಇದನ್ನೇ ತುಂಬು ಮಗಳೇ, ಗೋಡೆಗೆ ಕೆಮ್ಮಣ್ಣು ಸಾರಿಸ್ತಿರಲಿಲ್ವಾ" ಅಂದಳು. ಕುಂಚ ಬದಿಗಿಟ್ಟು ಬೆರಳಿನಲ್ಲೇ ಸಾರಿಸಿದೆ.