ಭಾರತದ ಪಾಸ್‌ಪೋರ್ಟು, ಇಂಗ್ಲೆಂಡಿನ ಮತಪತ್ರ: ನೇಬರ್‌ಹುಡ್ ಪ್ಲಾನ್‌ಗೆ ನಾನು ಮತ ಹಾಕುವ ಬಗೆ

ನಾನಿರುವುದು ಇಂಗ್ಲೆಂಡಿನಲ್ಲಿ, ಕೈಯಲ್ಲಿರುವುದು ಭಾರತದ ಪಾಸ್‌ಪೋರ್ಟು. ಆದರೂ ನಮ್ಮ ಬಡಾವಣೆಯ ನೇಬರ್‌ಹುಡ್ ಪ್ಲಾನ್ (ಎಲ್ಲಿ ಏನು ಕಟ್ಟಬಹುದು, ಯಾವ ಜಾಗ ಉಳಿಸಬೇಕು ಎಂದು ಸ್ಥಳೀಯರೇ ಬರೆಯುವ ಯೋಜನೆ) ಬೇಕೋ ಬೇಡವೋ ಎಂಬ ರೆಫರೆಂಡಮ್‌ನಲ್ಲಿ ನನಗೆ ಮತವಿದೆ. ಭಾರತ ಕಾಮನ್‌ವೆಲ್ತ್ ದೇಶ. ಹಾಗಾಗಿ 18 ತುಂಬಿ, ಇಲ್ಲಿ ವಾಸಿಸಲು ಸರಿಯಾದ ವೀಸಾ ಇರುವ ಭಾರತೀಯರು ಮತದಾರರ ಪಟ್ಟಿಗೆ ಸೇರಬಹುದು. ಸ್ಟೂಡೆಂಟ್, ಸ್ಕಿಲ್ಡ್ ವರ್ಕರ್, ಡಿಪೆಂಡೆಂಟ್ ಯಾವುದಾದರೂ ಸರಿ. ಐಎಲ್‌ಆರ್ (ಇಲ್ಲೇ ಖಾಯಂ ನೆಲೆಸುವ ಅನುಮತಿ) ಬರಲಿ ಎಂದು ಕಾಯುತ್ತಾ ಕೂತವರು ಅಷ್ಟೂ ವರ್ಷಗಳ ಮತಗಳನ್ನು ಸುಮ್ಮನೆ ಕಳೆದುಕೊಂಡಂತೆ.

ಈ ವ್ಯವಸ್ಥೆ ಬಂದದ್ದು 2011ರ ಲೋಕಲಿಸಂ ಕಾಯ್ದೆಯಿಂದ. ಮೊದಲ ರೆಫರೆಂಡಮ್ ನಡೆದದ್ದು ಕಂಬ್ರಿಯಾದ ಅಪ್ಪರ್ ಈಡನ್‌ನಲ್ಲಿ, 2013ರ ಮಾರ್ಚ್ 7ರಂದು. ಪ್ಲಾನ್ ಬರೆಯುವವರು ಗ್ರಾಮ ಪಂಚಾಯಿತಿಯಂಥ ಪ್ಯಾರಿಶ್ ಅಥವಾ ಟೌನ್ ಕೌನ್ಸಿಲ್‌ನವರು. ಅವಿಲ್ಲದ ಕಡೆ ಕನಿಷ್ಠ 21 ಜನರ ಫೋರಂ. ಕರಡಿನ ಮೇಲೆ ಆರು ವಾರ ಅಭಿಪ್ರಾಯ ಕೇಳುತ್ತಾರೆ. ತಿದ್ದಿ ಸಲ್ಲಿಸಿದ ಮೇಲೆ ಮತ್ತೆ ಆರು ವಾರ. ಆಮೇಲೆ ಸ್ವತಂತ್ರ ಪರೀಕ್ಷಕರು ನೋಡಿ, ಬೇಕಾದಲ್ಲಿ ಬದಲಾಯಿಸಿ ಎನ್ನುತ್ತಾರೆ. ಮತಪತ್ರ ನಮ್ಮ ಕೈಗೆ ಬರುವುದು ಇಷ್ಟೆಲ್ಲ ಮುಗಿದ ಮೇಲೆ, ಆಗ ಒಂದು ಅಕ್ಷರವನ್ನೂ ಬದಲಿಸುವಂತಿಲ್ಲ. ಆ ಮೈದಾನದ ಪಕ್ಕ ಮನೆ ಬೇಡ, ಈ ರಸ್ತೆಗೆ ಸೈಕಲ್ ದಾರಿ ಬೇಕು ಎಂದು ಹೇಳುವುದಿದ್ದರೆ ಮೊದಲ ಆರು ವಾರದಲ್ಲೇ ಹೇಳಬೇಕು. ರೆಫರೆಂಡಮ್‌ನಲ್ಲಿ ಉಳಿಯುವುದು ಒಂದೇ ಪ್ರಶ್ನೆ: ನಿಮ್ಮ ಪ್ರದೇಶದ ಪ್ಲಾನಿಂಗ್ ಅರ್ಜಿಗಳನ್ನು ತೀರ್ಮಾನಿಸಲು ಕೌನ್ಸಿಲ್ ಈ ನೇಬರ್‌ಹುಡ್ ಪ್ಲಾನನ್ನು ಬಳಸಬೇಕೆ? ಯೆಸ್ ಅಥವಾ ನೋ.

ಪ್ಲಾನ್ ನೂರು ಪುಟ ದಾಟಿರಬಹುದು, ಪೂರ್ತಿ ಓದುವ ಗೋಜಿಗೆ ನಾನು ಹೋಗುವುದಿಲ್ಲ. ಮೊದಲು ನಕ್ಷೆ ತೆಗೆಯುತ್ತೇನೆ. ಮನೆಗಳಿಗೆ ಗುರುತಿಸಿದ ಜಾಗ ಯಾವುದು, ಲೋಕಲ್ ಗ್ರೀನ್ ಸ್ಪೇಸ್ ಎಂದು ಉಳಿಸಿದ್ದು ಯಾವುದು ಎಂದು ನೋಡುತ್ತೇನೆ. ಆಮೇಲೆ ಪಾಲಿಸಿಗಳು. ಸಾಮಾನ್ಯವಾಗಿ ಬಣ್ಣದ ಚೌಕಟ್ಟಿನೊಳಗೆ ಮುದ್ರಿಸಿರುತ್ತಾರೆ. ಕಾನೂನಿನ ಬಲವಿರುವುದು ಆ ಚೌಕಟ್ಟಿನೊಳಗಿನ ಮಾತಿಗೆ, ಸುತ್ತಲಿನ ಬರಹ ಬರೀ ವಿವರಣೆ. ಕೊನೆಯಲ್ಲಿ ಪರೀಕ್ಷಕರ ವರದಿ: ಮೂಲ ಕರಡಿನಿಂದ ಏನು ಕಿತ್ತುಹಾಕಿದ್ದಾರೆ ಎಂಬುದು ಅಲ್ಲಿ ಸಿಗುತ್ತದೆ. ಡರ್ಬಿಶೈರ್‌ನ ಸ್ವಾನ್‌ವಿಕ್‌ನಲ್ಲಿ 2016ರಲ್ಲಿ ಜನ ಪ್ಲಾನನ್ನು ತಿರಸ್ಕರಿಸಿದ್ದಕ್ಕೆ ಪರೀಕ್ಷೆಯ ಹಂತದ ಬದಲಾವಣೆಗಳೇ ಕಾರಣ.

ಜನ ಎಡವುವುದು ಇನ್ನೊಂದು ಕಡೆ. ಪ್ಲಾನಿನ ಹಿಂಭಾಗದಲ್ಲಿ 'ಸಮುದಾಯದ ಆಶಯಗಳು' ಎಂಬಂಥ ಭಾಗ ಇರುತ್ತದೆ. ಹೊಸ ಜಿಪಿ ಸರ್ಜರಿ (ವೈದ್ಯರ ಕ್ಲಿನಿಕ್), ಇನ್ನೆರಡು ಬಸ್ಸು, ರಸ್ತೆಯ ಗುಂಡಿ ಎಲ್ಲ ಅಲ್ಲಿ. ನೇಬರ್‌ಹುಡ್ ಪ್ಲಾನಿನ ಅಧಿಕಾರ ಭೂಮಿಯ ಬಳಕೆಗೆ ಮಾತ್ರ, ಬಸ್ಸು ಓಡಿಸಲು ಅದಕ್ಕೆ ಆಗದು. ಆ ಪಟ್ಟಿ ನೋಡಿ ಯೆಸ್ ಹಾಕಬೇಡಿ. ಹಾಗೆಯೇ, ನೋ ಹಾಕಿದರೆ ಮನೆ ಕಟ್ಟುವುದು ನಿಲ್ಲುತ್ತದೆ ಎಂಬುದೂ ಭ್ರಮೆ. ಪ್ಲಾನ್ ಬಿದ್ದರೆ ಜಿಲ್ಲೆಯ ಲೋಕಲ್ ಪ್ಲಾನ್ ಹೇಗೂ ಇದ್ದೇ ಇರುತ್ತದೆ, ಅರ್ಜಿಗಳನ್ನು ಅದರ ಮೇಲೆ ತೀರ್ಮಾನಿಸುತ್ತಾರೆ. ದುಡ್ಡಿನ ಲೆಕ್ಕವೂ ಉಂಟು. ಕಟ್ಟಡದಾರರಿಂದ ಸಿಐಎಲ್ (ಹೊಸ ಕಟ್ಟಡಗಳ ಮೇಲಿನ ಶುಲ್ಕ) ವಸೂಲು ಮಾಡುವ ಕೌನ್ಸಿಲ್ ಆದರೆ, ಅದರಲ್ಲಿ ಸ್ಥಳೀಯರ ಪಾಲು ಪ್ಲಾನ್ ಇಲ್ಲದಿದ್ದಾಗ 15%, ಇದ್ದರೆ 25%. ಪಾಲಿಸಿಗೆ ನಿಜವಾದ ಬಲ ಇರಬಹುದು ಎಂಬುದಕ್ಕೆ ಕಾರ್ನ್‌ವಾಲ್‌ನ ಸೇಂಟ್ ಐವ್ಸ್ ನೋಡಿ. ಹೊಸ ಮನೆಗಳಲ್ಲಿ ಖಾಯಂ ವಾಸವಿರಬೇಕು, ರಜೆ ಕಳೆಯಲು ಬರುವವರ ಎರಡನೇ ಮನೆಯಾಗಬಾರದು ಎಂಬ ನಿಯಮವಿದ್ದ ಪ್ಲಾನಿಗೆ 2016ರಲ್ಲಿ ಮತ ಹಾಕಿದವರ 83% ಒಪ್ಪಿಗೆ ಬಿತ್ತು. ಅದನ್ನು ಪ್ರಶ್ನಿಸಿದ ದಾವೆ ಹೈಕೋರ್ಟಿನಲ್ಲಿ ಬಿದ್ದುಹೋಯಿತು.

ಇನ್ನು ನೋಂದಣಿ. ಸರ್ಕಾರದ ವೆಬ್‌ಸೈಟಿನಲ್ಲಿ ಐದು ನಿಮಿಷದ ಕೆಲಸ, ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಕೈಯಲ್ಲಿರಲಿ. ಗಡುವನ್ನು ಕೆಲಸದ ದಿನಗಳಲ್ಲಿ ಲೆಕ್ಕ ಹಾಕುತ್ತಾರೆ, ಶನಿವಾರ, ಭಾನುವಾರ, ಬ್ಯಾಂಕ್ ಹಾಲಿಡೇ ಬಿಟ್ಟು. ಹೆಸರು ಸೇರಿಸಲು ಮತದಾನಕ್ಕೆ 12 ದಿನ ಮೊದಲು, ಅಂಚೆ ಮತಕ್ಕೆ 11 ದಿನ, ಪ್ರಾಕ್ಸಿಗೆ (ನಿಮ್ಮ ಪರವಾಗಿ ಮತ ಹಾಕುವವರನ್ನು ನೇಮಿಸಲು) 6 ದಿನ. ಮತದಾನ ಗುರುವಾರವಾಗಿ ನಡುವೆ ರಜೆ ಇಲ್ಲದಿದ್ದರೆ ನೋಂದಣಿಯ ಕೊನೆಯ ದಿನ ಅದಕ್ಕೂ ಹದಿನಾರು ದಿನ ಹಿಂದಿನ ಮಂಗಳವಾರ. ಅಂಚೆ ಮತ ಮತ್ತು ಪ್ರಾಕ್ಸಿಯ ಗಡುವು ಸಂಜೆ 5ಕ್ಕೇ ಮುಗಿಯುತ್ತದೆ, ಮಧ್ಯರಾತ್ರಿವರೆಗೆ ಸಮಯವಿದೆ ಎಂದುಕೊಳ್ಳಬೇಡಿ.

ನಮ್ಮವರಿಗೆ ನಿಜವಾದ ತೊಡಕು ಹೆಸರು. 2023ರ ಮೇ ತಿಂಗಳಿಂದ ಮತಗಟ್ಟೆಯಲ್ಲಿ ಫೋಟೊ ಗುರುತು ಕಡ್ಡಾಯ. ಕಾಮನ್‌ವೆಲ್ತ್ ದೇಶದ್ದಾದ್ದರಿಂದ ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಅವಧಿ ಮುಗಿದಿದ್ದರೂ ಮುಖ ಹೋಲಿದರೆ ಸಾಕು. ಇಲ್ಲಿನ ಡ್ರೈವಿಂಗ್ ಲೈಸೆನ್ಸ್, ಪ್ರೊವಿಷನಲ್ ಆದರೂ ಸರಿ. ಆಧಾರ್, ಭಾರತದ ಡ್ರೈವಿಂಗ್ ಲೈಸೆನ್ಸ್, ಊರಿನ ವೋಟರ್ ಐಡಿ ನಡೆಯುವುದಿಲ್ಲ. ಗುರುತುಪತ್ರದ ಹೆಸರು ಪಟ್ಟಿಯ ಹೆಸರಿಗೆ ತಾಳೆಯಾಗಬೇಕು. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಉಪನಾಮದ ಜಾಗದಲ್ಲಿ, ಆಫೀಸಿನಲ್ಲಿ ಇನಿಷಿಯಲ್, ನೋಂದಣಿ ಫಾರಂನಲ್ಲಿ ಇನ್ನೊಂದು ಎಂದಾದರೆ ಬಾಗಿಲಲ್ಲೇ ತಡೆಯುತ್ತಾರೆ. ಒಂದೆರಡು ಇನಿಷಿಯಲ್ಲಿನ ವ್ಯತ್ಯಾಸಕ್ಕೆ ತೊಂದರೆ ಮಾಡುವುದಿಲ್ಲ. ಪೂರ್ತಿ ಬೇರೆಯಾದರೆ ಮದುವೆ ಪ್ರಮಾಣಪತ್ರದಂಥ ದಾಖಲೆ ಕೇಳುತ್ತಾರೆ. ಆದ್ದರಿಂದ ನೋಂದಣಿಯಲ್ಲೇ ಪಾಸ್‌ಪೋರ್ಟಿನ ಹೆಸರನ್ನು ಇದ್ದ ಹಾಗೆ ಬರೆಯಿರಿ. ಉಪನಾಮದ ಜಾಗ ಖಾಲಿ ಇರುವವರು ಕೌನ್ಸಿಲ್‌ನ ಚುನಾವಣಾ ವಿಭಾಗಕ್ಕೆ ಫೋನ್ ಮಾಡಿ ಮೊದಲೇ ಸರಿಪಡಿಸಿಕೊಳ್ಳಿ.

ಆ ಹೊತ್ತಿಗೆ ಊರಿಗೆ ಹೋಗುವುದಿದ್ದರೆ ಅಂಚೆ ಮತ ನಂಬಬೇಡಿ. ಮತಪತ್ರ ಬೆಂಗಳೂರಿಗೆ ಬಂದು ಮತದಾನ ಮುಗಿಯುವ ಮೊದಲು ವಾಪಸ್ ಮುಟ್ಟುವುದು ಕಷ್ಟ. ಪ್ರಾಕ್ಸಿ ನೇಮಿಸಿ. ಆ ದಿನ ಪ್ರಾಕ್ಸಿ ತೋರಿಸಬೇಕಾದದ್ದು ತಮ್ಮದೇ ಫೋಟೊ ಗುರುತು, ನಿಮ್ಮದಲ್ಲ. ಇಲ್ಲೇ ಇದ್ದು ಅಂಚೆಯಲ್ಲಿ ಹಾಕುವವರು ಜನ್ಮದಿನಾಂಕದ ಜಾಗದಲ್ಲಿ ಆ ದಿನದ ತಾರೀಖು ಬರೆದು ಮತ ಕೆಡಿಸಿಕೊಳ್ಳುತ್ತಾರೆ. ಸಹಿಯೂ ಅರ್ಜಿಯಲ್ಲಿದ್ದಂತೆಯೇ ಇರಬೇಕು: ಅಲ್ಲಿ ಕನ್ನಡದಲ್ಲಿ ಮಾಡಿದ್ದರೆ ಇಲ್ಲೂ ಕನ್ನಡದಲ್ಲೇ.

ಮತದಾನ ಬೆಳಿಗ್ಗೆ 7ರಿಂದ ರಾತ್ರಿ 10. ಪೋಲ್ ಕಾರ್ಡ್ (ಮನೆಗೆ ಬರುವ ಮತದಾನದ ಸೂಚನಾ ಪತ್ರ) ಮರೆತರೂ ಮತ ಹಾಕಬಹುದು, ಗುರುತುಪತ್ರ ಮರೆತರೆ ಆಗದು. ಬೆರಳಿಗೆ ಶಾಯಿ ಇಲ್ಲ, ಯಂತ್ರವಿಲ್ಲ, ದಾರಕ್ಕೆ ಕಟ್ಟಿದ ಪೆನ್ಸಿಲ್ಲು ಇರುತ್ತದೆ. ಬೇಕಿದ್ದರೆ ನಿಮ್ಮದೇ ಪೆನ್ನು ಬಳಸಿ. ಯೆಸ್ ಅಥವಾ ನೋ ಎದುರಿನ ಚೌಕದಲ್ಲಿ ಒಂದೇ ಒಂದು ಗುಣಾಕಾರ ಚಿಹ್ನೆ ಹಾಕಿ. ಊರಿನ ಪಂಚಾಯಿತಿ ಮತಪತ್ರಕ್ಕೆ ಮುದ್ರೆ ಒತ್ತಿ ರೂಢಿಯಿದ್ದವರು ಮುದ್ರೆಗಾಗಿ ಹುಡುಕಾಡುವುದು ಬೇಡ. ಕಾಗದದ ಮೇಲೆ ಹೆಸರು, ಸಹಿ ಬರೆದರೆ ಮತ ತಿರಸ್ಕೃತ. ತಪ್ಪಾದರೆ ಪೆಟ್ಟಿಗೆಗೆ ಹಾಕುವ ಮೊದಲು ಸಿಬ್ಬಂದಿಗೆ ಕೊಟ್ಟು ಬೇರೆ ಪತ್ರ ಕೇಳಿ, ಕೊಡುತ್ತಾರೆ. ಮೇ ತಿಂಗಳ ಕೌನ್ಸಿಲ್ ಚುನಾವಣೆಯ ಜೊತೆಗೇ ನಡೆದರೆ ಎರಡು ಮತಪತ್ರ ಸಿಗುತ್ತವೆ. ಅವಸರದಲ್ಲಿ ಒಂದನ್ನು ಖಾಲಿ ಹಾಕಿ ಬರುವವರಿದ್ದಾರೆ.

ಕನಿಷ್ಠ ಇಷ್ಟು ಜನ ಮತ ಹಾಕಲೇಬೇಕು ಎಂಬ ಮಿತಿ ಇಲ್ಲ. ಹಾಕಿದವರಲ್ಲಿ ಅರ್ಧಕ್ಕಿಂತ ಒಂದು ಮತ ಹೆಚ್ಚು ಯೆಸ್ ಬಂದರೂ ಪ್ಲಾನ್ ಗೆದ್ದಂತೆ. ಆ ಕ್ಷಣದಿಂದಲೇ ಅದು ಅಧಿಕೃತ ಅಭಿವೃದ್ಧಿ ಯೋಜನೆಯ ಭಾಗ, ಕೌನ್ಸಿಲ್ ಎಂಟು ವಾರದೊಳಗೆ ವಿಧಿವತ್ತಾಗಿ ಜಾರಿಗೆ ತರಬೇಕು. ಅಲ್ಲಿಂದ ಮುಂದೆ ಪಕ್ಕದ ಖಾಲಿ ಜಾಗಕ್ಕೆ ಅರ್ಜಿ ಬಿದ್ದಾಗ ನಿಮ್ಮ ಆಕ್ಷೇಪಣೆಯಲ್ಲಿ ಬರೀ 'ನಮಗೆ ಇಷ್ಟವಿಲ್ಲ' ಎನ್ನುವ ಬದಲು ಆ ಚೌಕಟ್ಟಿನ ಪಾಲಿಸಿಯ ಸಂಖ್ಯೆಯನ್ನೇ ಬರೆಯಿರಿ.