ಪೈರಸಿ ಎಚ್ಚರಿಕೆ ತಪ್ಪಾಗಿ ನಿಮ್ಮ ಹೆಸರಿಗೆ ಬಂದರೆ: ಮಲೆನಾಡಿನ ಇಂಟರ್ನೆಟ್ ಚಂದಾದಾರರಿಗೊಂದು ಕೈಪಿಡಿ

ಶಿವಮೊಗ್ಗ ನಗರದಲ್ಲಾಗಲಿ, ಸಾಗರ, ಹೊಸನಗರ, ತೀರ್ಥಹಳ್ಳಿಯ ಒಳಹಳ್ಳಿಗಳಲ್ಲಾಗಲಿ ಅನೇಕ ಮನೆಗಳಿಗೆ ಫೈಬರ್ ಸಂಪರ್ಕ ಬರುವುದು ಸ್ಥಳೀಯ ಕೇಬಲ್‌ನವರ ಮೂಲಕ. ಹೀಗಾಗಿ "ನಿಮ್ಮ ಸಂಪರ್ಕದಿಂದ ಸಿನಿಮಾವೊಂದನ್ನು ಅಕ್ರಮವಾಗಿ ಹಂಚಲಾಗಿದೆ" ಎಂಬ ಎಚ್ಚರಿಕೆಯೂ ಕಂಪನಿಯಿಂದ ನೇರವಾಗಿ ಬರದೆ, ಕೇಬಲ್‌ನವರ ವಾಟ್ಸಾಪ್‌ನಲ್ಲಿ ಅರ್ಧಂಬರ್ಧ ಸ್ಕ್ರೀನ್‌ಶಾಟ್ ಆಗಿ ಬರುವುದುಂಟು. ಅಂಥ ಪತ್ರದಲ್ಲಿ ಇರುವುದು ಒಂದು ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಮತ್ತು ಒಂದು ಸಮಯ; ಆ ಹೊತ್ತಿನಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದವರು ಯಾರೆಂಬುದು ಅದನ್ನು ಬರೆದವರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ನಿಮ್ಮ ಉತ್ತರವೂ ಆ ವಿಳಾಸ ಮತ್ತು ಸಮಯವನ್ನೇ ಹಿಡಿದು ಹೋಗಬೇಕು. "ನಮ್ಮದು ಮರ್ಯಾದಸ್ಥರ ಮನೆ" ಎಂದು ಫೋನಿನಲ್ಲಿ ಕೂಗಾಡಿದರೆ ಕಡತದಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ.

ಮೊದಲು, ಬಂದದ್ದು ಏನು?

ನಿರ್ಬಂಧಿತ ಜಾಲತಾಣವೊಂದನ್ನು ತೆರೆಯಲು ಹೋದಾಗ ಪರದೆಯ ಮೇಲೆ ಮೂಡುವ ಸೂಚನೆ ನಿಮ್ಮ ಮೇಲಿನ ಆರೋಪವಲ್ಲ. ನ್ಯಾಯಾಲಯದ ಅಥವಾ ಸರ್ಕಾರದ ಆದೇಶದಂತೆ ತಾಣವನ್ನು ತಡೆಹಿಡಿಯಲಾಗಿದೆ ಎಂಬುದಷ್ಟೇ ಅದರ ಅರ್ಥ. ಬರೀ ನೋಡುವುದೇ ಜೈಲು ಶಿಕ್ಷೆಗೆ ಗುರಿಯಾಗುವ ಅಪರಾಧವೆಂಬಂತೆ ಇಂಥ ಪುಟದಲ್ಲಿ ಬರೆದಿದ್ದ ಒಕ್ಕಣೆ ಸರಿಯಲ್ಲವೆಂದು 2016ರ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟೇ ಹೇಳಿತ್ತು.

ಎರಡನೆಯ ಬಗೆ ಶುದ್ಧ ವಂಚನೆ. ಇಷ್ಟು ಗಂಟೆಯೊಳಗೆ ದಂಡ ಕಟ್ಟಿ, ಈ ಲಿಂಕ್ ಒತ್ತಿ, ಈ ಎಪಿಕೆ (ಆ್ಯಪ್ ಅಳವಡಿಸುವ) ಕಡತವನ್ನು ಇಳಿಸಿಕೊಳ್ಳಿ, ಪೊಲೀಸರು ವಿಡಿಯೊ ಕರೆಯಲ್ಲಿ ವಿಚಾರಣೆ ಮಾಡುತ್ತಾರೆ ಎಂಬ ಮಾತು ಬಂದರೆ ಮುಂದೆ ಓದುವ ಅಗತ್ಯವೇ ಇಲ್ಲ. ದಂಡ ವಿಧಿಸುವ ಅಧಿಕಾರ ಇಂಟರ್ನೆಟ್ ಕಂಪನಿಗೆ ಇಲ್ಲ. ಹಣ ಕಳುಹಿಸಿಯಾಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಂತರ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಶಿವಮೊಗ್ಗದ ಸಿಇಎನ್ ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ಸಂಶಯವಿದ್ದಲ್ಲಿ ಪತ್ರದಲ್ಲಿರುವ ದೂರವಾಣಿ ಸಂಖ್ಯೆಯನ್ನು ಬಿಟ್ಟು, ನಿಮ್ಮ ತಿಂಗಳ ಬಿಲ್ಲಿನ ಮೇಲಿರುವ ಸಂಖ್ಯೆಗೆ ಕರೆ ಮಾಡಿ ವಿಚಾರಿಸಿ.

ಇವೆರಡೂ ಅಲ್ಲವೆಂದಾದರೆ ಮಾತ್ರ ಅದು ನಿಜವಾದ ಎಚ್ಚರಿಕೆ. ಆಗ ಸ್ಕ್ರೀನ್‌ಶಾಟ್‌ಗೆ ತೃಪ್ತರಾಗದೆ ಮೂಲ ಇಮೇಲನ್ನೇ ತರಿಸಿಕೊಳ್ಳಿ.

ಸಮಯ ಮತ್ತು ವಿಳಾಸ

ಹಕ್ಕುದಾರರ ಪರವಾಗಿ ಕೆಲಸ ಮಾಡುವ ಸಂಸ್ಥೆಗಳು ಬಳಕೆದಾರರೇ ಪರಸ್ಪರ ಕಡತ ಹಂಚಿಕೊಳ್ಳುವ ಟೊರೆಂಟ್ ಜಾಲದೊಳಗೆ ತಾವೂ ಸೇರಿಕೊಂಡು, ಅಲ್ಲಿ ಕಾಣುವ ಐಪಿ ವಿಳಾಸ, ಪೋರ್ಟ್ ಸಂಖ್ಯೆ (ಒಂದೇ ವಿಳಾಸದಲ್ಲಿನ ಬೇರೆ ಬೇರೆ ಸಂಪರ್ಕಗಳನ್ನು ಬೇರ್ಪಡಿಸುವ ಸಂಖ್ಯೆ), ಕಡತದ ಹೆಸರು ಮತ್ತು ಸಮಯವನ್ನು ಬರೆದಿಟ್ಟು ಇಂಟರ್ನೆಟ್ ಕಂಪನಿಗೆ ದೂರು ಕಳುಹಿಸುತ್ತವೆ. ಕಂಪನಿ ತನ್ನ ದಾಖಲೆಯಲ್ಲಿ ಆ ವಿಳಾಸ ಯಾರಿಗೆ ಕೊಟ್ಟದ್ದೆಂದು ಹುಡುಕುತ್ತದೆ. ತಪ್ಪು ಈ ಎರಡು ಹಂತಗಳಲ್ಲಿ ಎಲ್ಲಿ ಬೇಕಾದರೂ ನುಸುಳಬಹುದು. 2008ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ತಮ್ಮ ಪ್ರಿಂಟರ್‌ಗಳ ಐಪಿ ವಿಳಾಸ ಟೊರೆಂಟ್ ಪಟ್ಟಿಯಲ್ಲಿ ಕಾಣುವಂತೆ ಮಾಡಿ, ಏನನ್ನೂ ಇಳಿಸಿಕೊಳ್ಳದ ಆ ಪ್ರಿಂಟರ್‌ಗಳ ಮೇಲೂ ದೂರು ಬರುತ್ತದೆಂದು ತೋರಿಸಿಕೊಟ್ಟರು.

ನಮ್ಮ ಕಡೆ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಗಡಿಯಾರವನ್ನು. ಇಂಥ ದೂರುಗಳಲ್ಲಿ ಸಮಯವನ್ನು ಸಾಮಾನ್ಯವಾಗಿ ಯುಟಿಸಿ ಎಂಬ ಅಂತರರಾಷ್ಟ್ರೀಯ ಕಾಲಮಾನದಲ್ಲಿ ಬರೆದಿರುತ್ತಾರೆ. ಭಾರತೀಯ ಕಾಲಮಾನ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಪತ್ರದಲ್ಲಿ ಜುಲೈ 14, 20:47 ಯುಟಿಸಿ ಎಂದಿದ್ದರೆ ನಮ್ಮಲ್ಲಿ ಅದು ಜುಲೈ 15ರ ಬೆಳಗಿನ ಜಾವ 2 ಗಂಟೆ 17 ನಿಮಿಷ. ಇದನ್ನು ಗಮನಿಸದೆ 14ರ ರಾತ್ರಿ 8:47ರ ದಾಖಲೆಯನ್ನು ತೆಗೆದರೆ ಬೇರೊಬ್ಬರ ಹೆಸರು ಸಿಗುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಈ ಐದೂವರೆ ಗಂಟೆ ಸಣ್ಣದಲ್ಲ: ತೋಟದ ಮೇಲೆ ಹಾದುಹೋದ ತಂತಿಗೆ ಮರ ಬಿದ್ದು ಕರೆಂಟು ಹೋಗಿ ಬಂದು ಮಾಡುವಾಗೆಲ್ಲ ರೌಟರ್ ಹೊಸದಾಗಿ ಸಂಪರ್ಕ ಪಡೆಯುತ್ತದೆ, ಆಗ ಐಪಿ ವಿಳಾಸವೂ ಬದಲಾಗಬಹುದು, ಸಂಜೆ ನಿಮ್ಮಲ್ಲಿದ್ದ ವಿಳಾಸ ನಡುರಾತ್ರಿ ಕೊಪ್ಪದ ಯಾವುದೋ ಮನೆಯಲ್ಲಿರಬಹುದು. ಆ ಹೊತ್ತಿನಲ್ಲಿ ನಿಮ್ಮೂರಿನಲ್ಲಿ ವಿದ್ಯುತ್ತೇ ಇರಲಿಲ್ಲ ಎಂದಾದರೆ, ವಿದ್ಯುತ್ ಸಹಾಯವಾಣಿ 1912ಕ್ಕೆ ನೀವು ಕೊಟ್ಟಿದ್ದ ದೂರಿನ ಸಂಖ್ಯೆ ಉತ್ತಮ ಸಾಕ್ಷಿ. ಯುಪಿಎಸ್ ಇರುವ ಮನೆಯವರಿಗೆ ಮಾತ್ರ ಈ ವಾದ ಒದಗುವುದಿಲ್ಲ.

ಇನ್ನೊಂದು ಕಾರಣ ಹಂಚಿಕೆಯ ವಿಳಾಸ. ರೌಟರಿನ ಸೆಟ್ಟಿಂಗ್ ಪುಟದಲ್ಲಿ ವ್ಯಾನ್ ಐಪಿ ಎಂದಿರುವುದನ್ನು ಬರೆದುಕೊಂಡು, "ನನ್ನ ಐಪಿ ಯಾವುದು" ಎಂದು ತೋರಿಸುವ ಯಾವುದಾದರೂ ಜಾಲತಾಣದಲ್ಲಿ ಕಾಣುವ ಸಂಖ್ಯೆಯೊಂದಿಗೆ ಹೋಲಿಸಿ. ಎರಡೂ ಬೇರೆಯಾಗಿದ್ದು, ರೌಟರಿನಲ್ಲಿರುವುದು 10ರಿಂದ ಅಥವಾ 100.64ರಿಂದ 100.127ರವರೆಗಿನ ಸಂಖ್ಯೆಯಿಂದ ಶುರುವಾಗುತ್ತಿದ್ದರೆ, ಒಂದೇ ಸಾರ್ವಜನಿಕ ವಿಳಾಸವನ್ನು ನೀವೂ ಇನ್ನೆಷ್ಟೋ ಮನೆಯವರೂ ಒಟ್ಟಿಗೆ ಬಳಸುತ್ತಿದ್ದೀರಿ ಎಂದರ್ಥ. ಅಂಥಲ್ಲಿ ಪೋರ್ಟ್ ಸಂಖ್ಯೆಯಿಲ್ಲದ ದೂರಿನಿಂದ ಒಂದು ಮನೆಯನ್ನು ಗುರುತಿಸುವುದು ಕಷ್ಟಸಾಧ್ಯ. ಎರಡೂ ಪರದೆಗಳ ಫೋಟೊ ತೆಗೆದಿಟ್ಟುಕೊಳ್ಳಿ. ನಿಮ್ಮ ಸಂಪರ್ಕದ ಬಳಕೆದಾರ ಹೆಸರು ಯಾರದೆಂದೂ ವಿಚಾರಿಸಿ. ಹಳೆಯ ಬಾಡಿಗೆದಾರರ ಹೆಸರಿನಲ್ಲೇ ಸಂಪರ್ಕ ಮುಂದುವರಿದಿರುವುದು ಅಪರೂಪವಲ್ಲ.

ಮನೆಯೊಳಗೂ ಒಮ್ಮೆ ನೋಡಿ

ಪತ್ರ ಬರೆಯುವ ಮೊದಲು ಈ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಬೇಕು. ರೌಟರಿನಲ್ಲಿ ಯಾವ ಯಾವ ಸಾಧನಗಳು ಸೇರಿಕೊಂಡಿವೆ ಎಂಬ ಪಟ್ಟಿ ಇರುತ್ತದೆ. ಅಂಗಳದಾಚೆಯ ತಮ್ಮನ ಮನೆಗೆ, ಪಕ್ಕದ ಮನೆಯ ಓದುವ ಹುಡುಗನಿಗೆ ವೈಫೈ ಪಾಸ್‌ವರ್ಡ್ ಕೊಡುವುದು ನಮ್ಮಲ್ಲಿ ಸಹಜ, ಒಳ್ಳೆಯ ರೂಢಿಯೂ ಹೌದು. ಆದರೆ ಪತ್ರ ಬರುವುದು ಖಾತೆದಾರನಿಗೆ. ಸಿನಿಮಾಗಳನ್ನು ಪುಕ್ಕಟೆ ತೋರಿಸುತ್ತೇವೆನ್ನುವ ಕೆಲವು ಆಂಡ್ರಾಯ್ಡ್ ಪೆಟ್ಟಿಗೆಗಳು ನೀವು ನೋಡುತ್ತಿರುವಾಗಲೇ ಆ ಕಡತದ ತುಣುಕುಗಳನ್ನು ಇತರರಿಗೂ ಕಳುಹಿಸುತ್ತಿರುತ್ತವೆ. ಉಚಿತ ವಿಪಿಎನ್ ಆ್ಯಪ್‌ಗಳಲ್ಲೂ ಕೆಲವು ನಿಮ್ಮ ಸಂಪರ್ಕವನ್ನು ಅಪರಿಚಿತರಿಗೆ ಬಿಟ್ಟುಕೊಡುತ್ತವೆ. ಅವು ಕಂಡರೆ ತೆಗೆದುಹಾಕಿ, ಪಾಸ್‌ವರ್ಡ್ ಬದಲಿಸಿ, ಪಾಸ್‌ವರ್ಡ್ ಇಲ್ಲದೆಯೂ ಸಾಧನಗಳನ್ನು ಸೇರಿಸಿಕೊಳ್ಳುವ ಡಬ್ಲ್ಯುಪಿಎಸ್ ಎಂಬ ಆಯ್ಕೆಯನ್ನು ಮುಚ್ಚಿ. ಇದಕ್ಕೂ ಮೊದಲೇ ಸಾಧನಗಳ ಪಟ್ಟಿಯ ಫೋಟೊ ತೆಗೆದಿರಬೇಕು. ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿಸಬೇಡಿ. ನಿರಪರಾಧಿಯೂ ಆಗ ಸಾಕ್ಷ್ಯ ಅಳಿಸಿದವನಂತೆ ಕಾಣುತ್ತಾನೆ. ಹೋಮ್‌ಸ್ಟೇ ನಡೆಸುವವರು ಅತಿಥಿಗಳಿಗೆ ಪ್ರತ್ಯೇಕ ಗೆಸ್ಟ್ ನೆಟ್‌ವರ್ಕ್ ಇಟ್ಟು, ಅತಿಥಿಗಳ ನೋಂದಣಿ ಪುಸ್ತಕದಲ್ಲಿ ಬಂದ ಹೋದ ಸಮಯವನ್ನೂ ಬರೆಯುವುದು ಕ್ಷೇಮ.

ಉತ್ತರ ಬರೆಯುವುದು

"ಕ್ಷಮಿಸಿ, ಇನ್ನು ಮುಂದೆ ಹೀಗಾಗುವುದಿಲ್ಲ" ಎಂದು ಸೌಜನ್ಯಕ್ಕೆ ಬರೆದರೂ ಅದು ತಪ್ಪೊಪ್ಪಿಗೆಯಾಗಿ ಓದಿಸಿಕೊಳ್ಳುತ್ತದೆ. ಹಾಗೆಯೇ ಮನೆಯ ಎಲ್ಲರ ಪರವಾಗಿ ಆಣೆ ಹಾಕಲೂ ಹೋಗಬಾರದು. 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಸೆಕ್ಷನ್ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಹೇಳುವುದು ತಿಳಿದೂ ತಿಳಿದು ಉಲ್ಲಂಘಿಸಿದವರಿಗೆ. ಆದ್ದರಿಂದ "ನನ್ನ ತಿಳಿವಳಿಕೆಯಲ್ಲಿ" ಎಂಬ ಮಾತಿಗೆ ತೂಕವಿದೆ. ಪತ್ರ ಹೀಗಿದ್ದರೆ ಸಾಕು:

"ನಿಮ್ಮ ಎಚ್ಚರಿಕೆ ಪತ್ರ ತಲುಪಿದೆ. ಅದರಲ್ಲಿ ಹೇಳಿರುವ ಕಡತವನ್ನು ನನ್ನ ಸಂಪರ್ಕದಿಂದ ಇಳಿಸಿದ್ದಾಗಲಿ ಹಂಚಿದ್ದಾಗಲಿ ನನ್ನ ತಿಳಿವಳಿಕೆಯಲ್ಲಿ ಇಲ್ಲ; ಆರೋಪವನ್ನು ನಾನು ಒಪ್ಪುವುದಿಲ್ಲ. ಪತ್ರದಲ್ಲಿರುವ ಸಮಯ ಯುಟಿಸಿಯೋ ಭಾರತೀಯ ಕಾಲಮಾನವೋ, ಆ ಸಮಯದಲ್ಲಿ ಆ ಐಪಿ ವಿಳಾಸ ಮತ್ತು ಪೋರ್ಟ್ ನನ್ನ ಖಾತೆಗೇ ಸೇರಿದ್ದವೆಂದು ಯಾವ ದಾಖಲೆಯಿಂದ ತೀರ್ಮಾನಿಸಲಾಯಿತು, ಮೂಲ ದೂರುದಾರರು ಯಾರು ಎಂಬುದನ್ನು ಲಿಖಿತವಾಗಿ ತಿಳಿಸಿ. ಸಂಬಂಧಪಟ್ಟ ದಾಖಲೆಗಳನ್ನು ಅಳಿಸದೆ ಕಾಯ್ದಿಡಿ. ಪರಿಶೀಲನೆ ಮುಗಿಯುವವರೆಗೆ ಸಂಪರ್ಕ ಕಡಿತಗೊಳಿಸಬಾರದೆಂದು ಕೋರುತ್ತೇನೆ."

2021ರ ಡಿಸೆಂಬರ್‌ನಲ್ಲಿ ತಿದ್ದುಪಡಿಯಾದ, ಇಂಟರ್ನೆಟ್ ಕಂಪನಿಗಳ ಪರವಾನಗಿ ಷರತ್ತುಗಳ ಪ್ರಕಾರ ಇಂಥ ದಾಖಲೆಗಳನ್ನು ಕನಿಷ್ಠ 2 ವರ್ಷ ಇಡಬೇಕಾಗಿರುವುದರಿಂದ, ದಾಖಲೆ ಇಲ್ಲವೆಂಬ ಉತ್ತರವನ್ನು ಸುಮ್ಮನೆ ಒಪ್ಪಬೇಕಾಗಿಲ್ಲ. ಪತ್ರವನ್ನು ಕಂಪನಿಯ ಗ್ರಾಹಕ ಸೇವೆಯ ಇಮೇಲ್‌ಗೆ ಕಳುಹಿಸಿ, ಪ್ರತಿಯನ್ನು ಕೇಬಲ್‌ನವರಿಗೆ ಕೊಡಿ. ಕೇಬಲ್‌ನವರ ಜೊತೆ ಜಗಳ ಬೇಡ. ಅವರು ಬಂದದ್ದನ್ನು ದಾಟಿಸಿದವರು, ಮೇಲಾಗಿ ನಾಳೆ ಫೈಬರ್ ತುಂಡಾದರೆ ಮಳೆಯಲ್ಲಿ ಏಣಿ ಹೊತ್ತು ಬರಬೇಕಾದವರೂ ಅವರೇ.

ದೂರು ಸಂಖ್ಯೆಯನ್ನು ಕೇಳಿ ಪಡೆಯಿರಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ನಿಯಮಗಳಂತೆ ಕಂಪನಿಯಲ್ಲಿ ದೂರು ಕೇಂದ್ರದ ಮೇಲೆ ಮೇಲ್ಮನವಿ ಪ್ರಾಧಿಕಾರವೂ ಇರಬೇಕು, ಅಲ್ಲಿ ಆ ಸಂಖ್ಯೆ ಬೇಕಾಗುತ್ತದೆ. ಅಷ್ಟರಲ್ಲೂ ಬಗೆಹರಿಯದೆ ಸಂಪರ್ಕ ಕಡಿದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ದೂರಸಂಪರ್ಕ ಸೇವೆಯ ದೂರನ್ನು ಗ್ರಾಹಕ ವೇದಿಕೆಗಳು ಕೇಳಬಹುದೆಂದು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿದೆ. ಹಕ್ಕುದಾರರ ವಕೀಲರಿಂದಲೇ ನೋಟಿಸು ಬಂದಲ್ಲಿ ಸ್ವಂತ ಪತ್ರವ್ಯವಹಾರ ನಿಲ್ಲಿಸಿ ವಕೀಲರನ್ನು ಕಾಣಿ. ಆಧಾರವಿಲ್ಲದೆ ಕೃತಿಸ್ವಾಮ್ಯದ ಹೆಸರಿನಲ್ಲಿ ಬೆದರಿಸುವವರ ವಿರುದ್ಧ, ಉಲ್ಲಂಘನೆ ನಡೆದಿಲ್ಲವೆಂದು ಘೋಷಿಸುವಂತೆಯೂ ನಷ್ಟ ತುಂಬಿಕೊಡುವಂತೆಯೂ ದಾವೆ ಹೂಡಲು ಅದೇ ಕಾಯ್ದೆಯ 60ನೇ ಸೆಕ್ಷನ್ ಅವಕಾಶ ಕೊಡುತ್ತದೆ. ವಕೀಲರ ಖರ್ಚು ಭರಿಸಲಾಗದವರು ಕಾನೂನು ಸೇವೆಗಳ ಸಹಾಯವಾಣಿ 15100ಕ್ಕೆ ಕರೆ ಮಾಡಿ ಉಚಿತ ಕಾನೂನು ನೆರವನ್ನು ವಿಚಾರಿಸಬಹುದು.

ತಪ್ಪಾಗಿದೆಯೆಂದು ಕಂಪನಿ ಒಪ್ಪಿಕೊಂಡರೆ ಅದನ್ನು ಬಾಯಿಮಾತಿಗೆ ಬಿಡದೆ ಬರವಣಿಗೆಯಲ್ಲಿ ಪಡೆಯಿರಿ. ಕೃತಿಸ್ವಾಮ್ಯ ಉಲ್ಲಂಘನೆಗೆ ಪರಿಹಾರ ಕೇಳುವ ದಾವೆಗೆ ಕಾಲಮಿತಿ 3 ವರ್ಷ. ಅಲ್ಲಿಯವರೆಗೆ ಎಲ್ಲ ಪತ್ರಗಳೂ ಫೋಟೊಗಳೂ ಕೈಗೆ ಸಿಗುವಂತಿರಬೇಕು, ಮತ್ತು ಆಷಾಢದ ತೇವಕ್ಕೆ ಬೂಷ್ಟು ಹಿಡಿಯುವ ಕಾಗದವನ್ನು ನಂಬದೆ ಅವುಗಳ ಸ್ಕ್ಯಾನ್ ಪ್ರತಿಯೊಂದನ್ನು ನಿಮ್ಮದೇ ಇಮೇಲ್‌ಗೆ ಕಳುಹಿಸಿ ಇಟ್ಟುಕೊಳ್ಳಿ.